ಮೊದಲು ತರಿಸಿ, ಆಮೇಲೆ ಕೈ ಹಚ್ಚಿ: ಹೊರದೇಶಕ್ಕೆ ಸಾಗಿಸುವವರಿಗಾಗಿ 1965–66ರ ಫೋರ್ಡ್ ಮಸ್ಟಾಂಗ್ ವಿಮರ್ಶೆ

ಅಮೆರಿಕದಿಂದ ಹಳೇ ಗಾಡಿಯೊಂದನ್ನು ತರಿಸಿ ಅದನ್ನು ಇವತ್ತಿನ ರಸ್ತೆಗೆ ತಕ್ಕ ಹಾಗೆ ಮಾಡಿಸಿಕೊಳ್ಳಬೇಕು ಎನ್ನುವವರಿಗೆ ಮೊದಲ ತಲೆಮಾರಿನ ಮಸ್ಟಾಂಗ್‌ಗಿಂತ ಸಲೀಸಾದ ಆಯ್ಕೆ ಸಿಗುವುದು ಕಷ್ಟ. 1964ರ ಏಪ್ರಿಲ್ 17ರಂದು ಮಾರುಕಟ್ಟೆಗೆ ಬಂದ ಈ ಗಾಡಿಗೆ ಕಿಟಕಿಯ ರಬ್ಬರ್‌ನಿಂದ ಹಿಡಿದು ಇಡೀ ಬಾಡಿ ಶೆಲ್‌ವರೆಗೆ ಹೆಚ್ಚುಕಡಿಮೆ ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಉದ್ದ ಸುಮಾರು 4.6 ಮೀಟರ್, ಅಗಲ 1.73 ಮೀಟರ್. ಹೀಗಾಗಿ ಒಳಗಿನ ಉದ್ದ 5.9 ಮೀಟರ್ ಇರುವ 20 ಅಡಿ ಕಂಟೇನರ್‌ನಲ್ಲಿ ಗಾಡಿ ಕೂತು, ಮುಂದೆ ಹಿಂದೆ ಒಂದಿಷ್ಟು ಬಿಡಿಭಾಗಗಳಿಗೂ ಜಾಗ ಉಳಿಯುತ್ತದೆ. ಆದರೆ ಇದೇ ಗಾಡಿಗೆ ಕಾರ್ಖಾನೆಯಿಂದ ಬಂದದ್ದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎಲ್ಲಕ್ಕೂ ಸೇರಿ ಒಂದೇ ಎಣ್ಣೆ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಹೋದವು. ಹಾಗಾಗಿ ಒಂದಷ್ಟು ಬದಲಾವಣೆ ಮಾಡದೆ ವಿಧಿಯಿಲ್ಲ. ಯಾವಾಗ ಮಾಡಿಸುವುದು, ಯಾವ ಕ್ರಮದಲ್ಲಿ ಮಾಡಿಸುವುದು ಎಂಬಲ್ಲೇ ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು.

ಅಮೆರಿಕದಲ್ಲೇ ಡಿಸ್ಕ್ ಬ್ರೇಕ್, ಹೊಸ ಎಂಜಿನ್, ಹೊಸ ಸ್ಟೇರಿಂಗ್ ಎಲ್ಲ ಹಾಕಿಸಿ ಹಡಗು ಹತ್ತಿಸೋಣ ಎಂಬ ಯೋಚನೆ ಸಹಜವಾಗಿ ಬರುತ್ತದೆ. ಬಿಡಿಭಾಗವೂ ಅಲ್ಲೇ, ಗೊತ್ತಿರುವ ಮೆಕ್ಯಾನಿಕ್‌ಗಳೂ ಅಲ್ಲೇ. ಬ್ರಿಟನ್ನಿಗೋ ಯುರೋಪಿಗೋ ಹೋಗುವ ಗಾಡಿಗೆ ಇದು ದುಬಾರಿ ತಪ್ಪು. ಅಲ್ಲಿನ ಕಸ್ಟಮ್ಸ್‌ನಲ್ಲಿ 9705 ಎಂಬ ಶೀರ್ಷಿಕೆಯಡಿ, ಚಾರಿತ್ರಿಕ ಮೌಲ್ಯದ ವಾಹನ ಎಂದು ಗಾಡಿ ಒಳಗೆ ಬಂದರೆ ಆಮದು ಸುಂಕವೇ ಇಲ್ಲ. ವ್ಯಾಟ್ ಬ್ರಿಟನ್ನಿನಲ್ಲಿ ಶೇ 5, ಜರ್ಮನಿಯಲ್ಲಿ ಶೇ 7, ನೆದರ್ಲೆಂಡ್ಸ್‌ನಲ್ಲಿ ಶೇ 9 ಮಾತ್ರ. ಇದಕ್ಕೆ ಷರತ್ತುಗಳಿವೆ: ಗಾಡಿಗೆ ಕನಿಷ್ಠ 30 ವರ್ಷ ಆಗಿರಬೇಕು, ಆ ಮಾದರಿಯ ತಯಾರಿಕೆ ನಿಂತಿರಬೇಕು, ಚಾಸಿ, ಸ್ಟೇರಿಂಗ್, ಬ್ರೇಕ್, ಎಂಜಿನ್ ಮುಂತಾದವುಗಳಲ್ಲಿ ದೊಡ್ಡ ಬದಲಾವಣೆ ಆಗಿರದೆ ಮೂಲ ಸ್ಥಿತಿಯಲ್ಲಿರಬೇಕು. ರಿಪೇರಿಗೆ, ಹಿಂದಿನಂತೆಯೇ ನವೀಕರಿಸುವುದಕ್ಕೆ ಅಡ್ಡಿಯಿಲ್ಲ. ಬ್ರಿಟನ್ನಿನ ಲೆಕ್ಕವನ್ನೇ ಹಿಡಿಯಿರಿ. ಗಾಡಿಯ ಬೆಲೆ, ಸಾಗಣೆ, ವಿಮೆ ಎಲ್ಲ ಸೇರಿ 100 ಆದರೆ ಮೂಲ ಸ್ಥಿತಿಯ ಗಾಡಿಗೆ ಕಟ್ಟಬೇಕಾದ್ದು 5. ಅದೇ ಸಾಮಾನ್ಯ ಕಾರು ಎಂದು ಪರಿಗಣಿತವಾದರೆ ಶೇ 10 ಸುಂಕ, ಅದರ ಮೇಲೆ ಶೇ 20 ವ್ಯಾಟ್, ಒಟ್ಟು 32. ಈ ವ್ಯತ್ಯಾಸದ ದುಡ್ಡಿನಲ್ಲೇ ಒಳ್ಳೆಯ ಡಿಸ್ಕ್ ಕಿಟ್ಟು, ಗೇರ್‌ಬಾಕ್ಸು, ಮಜೂರಿ ಎಲ್ಲ ಮುಗಿಯಬಹುದು.

ಆಸ್ಟ್ರೇಲಿಯಾದ್ದು ಮಾತ್ರ ತಿರುವುಮುರುವು. 2003ರ ಡಿಸೆಂಬರ್ 31ರಿಂದ ಅಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಯಾವ ವಸ್ತುವನ್ನೂ ತರುವಂತಿಲ್ಲ. ಈ ಕಾಲದ ಅಮೆರಿಕನ್ ಗಾಡಿಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಎಕ್ಸಾಸ್ಟ್ ಮತ್ತು ಹೆಡ್ ಗ್ಯಾಸ್ಕೆಟ್, ಕೆಲವೊಮ್ಮೆ ಅಡಿಗೆ ಬಳಿದ ಟಾರು, ಎಲ್ಲದರಲ್ಲೂ ಕಲ್ನಾರಿರಬಹುದು. ಅಂಥವನ್ನು ಹಡಗು ಹತ್ತುವ ಮೊದಲೇ ತೆಗೆಸಿ, ಬದಲಿಸಿದ ಭಾಗಗಳ ಬಿಲ್ಲು, ಫೋಟೋ, ಪರೀಕ್ಷಾ ವರದಿ ಇಟ್ಟುಕೊಳ್ಳಬೇಕು. ‘ಅಮೆರಿಕದಲ್ಲಿ ಕೊಂಡ ಹೊಸ ಲೈನರ್’ ಎಂಬ ಮಾತೊಂದೇ ಸಾಲದು, ಪುರಾವೆ ಬೇಕು. ಬಂದರಿನಲ್ಲಿ ಸಿಕ್ಕಿಬಿದ್ದರೆ ಅಲ್ಲೇ ಬಿಚ್ಚಿಸುವ ಖರ್ಚು, ದಾಸ್ತಾನಿನ ಬಾಡಿಗೆ, ದಂಡ ಮೂರೂ ತಲೆಗೆ ಬರುತ್ತವೆ.

ಕೊಳ್ಳುವಾಗ ಮೊದಲು ಗುರುತಿನ ಸಂಖ್ಯೆ. ಬಾನೆಟ್ ಎತ್ತಿ ಎಡಗಡೆಯ ಒಳ ಏಪ್ರನ್ನಿನ (ಚಕ್ರದ ಮೇಲಿನ ಒಳ ತಗಡಿನ) ಮೇಲಂಚನ್ನು ನೋಡಿ. ಫೆಂಡರ್ ಅಂಚಿನಲ್ಲಿ ಕತ್ತರಿಸಿಬಿಟ್ಟ ಕಿಂಡಿಯಲ್ಲಿ ಸಂಖ್ಯೆ ಕೊರೆದಿರುತ್ತದೆ. ಮೊದಲ ಅಂಕಿ ವರ್ಷ. ನಂತರದ ಅಕ್ಷರ ಕಾರ್ಖಾನೆ: ಎಫ್ ಅಂದರೆ ಡಿಯರ್‌ಬಾರ್ನ್, ಆರ್ ಸ್ಯಾನ್ ಹೋಸೆ, ಟಿ ಮೆಟುಚೆನ್. ಆಮೇಲೆ ಬಾಡಿ: 07 ಕೂಪೆ, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್. ಅದರ ಮುಂದಿನ ಅಕ್ಷರ ಎಂಜಿನ್ನಿನದು. ಟಿ ಎಂದರೆ 200 ಘನ ಇಂಚಿನ ಆರು ಸಿಲಿಂಡರ್, 120 ಅಶ್ವಶಕ್ತಿ. ಸಿ ಎಂದರೆ ಎರಡು ಬ್ಯಾರೆಲ್ ಕಾರ್ಬೊರೇಟರಿನ, 289 ಘನ ಇಂಚಿನ ವಿ8 (ಎಂಟು ಸಿಲಿಂಡರ್), 200 ಅಶ್ವಶಕ್ತಿ. ಎ ನಾಲ್ಕು ಬ್ಯಾರೆಲ್ಲಿನದು, 225. ಕೆ ಎಂದರೆ 271 ಅಶ್ವಶಕ್ತಿಯ ಹೈ ಪರ್ಫಾರ್ಮೆನ್ಸ್. ಬಾಗಿಲಿನ ಮೇಲೆ ರಿವೆಟ್ ಹೊಡೆದ ಫಲಕ ಸಲೀಸಾಗಿ ಬದಲಿಸಬಹುದಾದ್ದು, ಅದನ್ನಷ್ಟೇ ನಂಬಬೇಡಿ. ಏಪ್ರನ್ ಮೇಲಿನ ಸಂಖ್ಯೆ, ಫಲಕ, ಟೈಟಲ್ (ಒಡೆತನದ) ಪತ್ರ ಮೂರೂ ಅಕ್ಷರಕ್ಷರ ಹೊಂದಬೇಕು. ಅಮೆರಿಕದ ಕಸ್ಟಮ್ಸ್‌ಗೆ ರಫ್ತಿಗೆ 72 ಗಂಟೆ ಮುಂಚೆ ಮೂಲ ಟೈಟಲ್ ಒಪ್ಪಿಸಬೇಕು. ಒಂದು ಅಂಕಿ ತಪ್ಪಿದ್ದರೂ ಗಾಡಿ ಬಂದರಿನಲ್ಲೇ ಕೊಳೆಯುತ್ತದೆ. ಟೈಟಲ್ ಮೇಲೆ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ಪತ್ರವೂ ಬೇಕು.

ತುಕ್ಕಿನ ವಿಷಯದಲ್ಲಿ ಈ ಗಾಡಿ ಮೇಲೆ ಥಳುಕು, ಒಳಗೆ ಹುಳುಕು. ಮುಂಗಾಜಿನ ಕೆಳಗೆ, ಬಾನೆಟ್ಟಿನ ಹಿಂದೆ ಗಾಳಿ ಒಳಬರುವ ಜಾಲರಿ ಇದೆ. ಅದರಡಿ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೇಲೆದ್ದ ಎರಡು ಕೊಳವೆ ಬಾಯಿ. ಮಳೆನೀರು ಬಾಯಿಯ ಸುತ್ತ ಹರಿದು ಎರಡು ಬದಿಯಿಂದ ಹೊರಹೋಗಬೇಕು ಎಂಬುದು ಲೆಕ್ಕಾಚಾರ. ತರಗೆಲೆ ಬಿದ್ದು ಕಟ್ಟಿಕೊಂಡು, ಒದ್ದೆ ನಿಂತು, ಆ ಬಾಯಿಯ ಬುಡವೇ ಮೊದಲು ಕರಗುತ್ತದೆ. ಪರೀಕ್ಷೆ ಸುಲಭ: ಮುಂದಿನ ಕಾರ್ಪೆಟ್ ಮಡಚಿ, ನೆಲಕ್ಕೆ ಹಳೇ ಪತ್ರಿಕೆ ಹಾಸಿ, ಜಾಲರಿಯ ಎಡಕ್ಕೆ ಎರಡು ನಿಮಿಷ, ಬಲಕ್ಕೆ ಎರಡು ನಿಮಿಷ ಸಣ್ಣಗೆ ನೀರು ಬಿಡಿ. ಪತ್ರಿಕೆ ಒದ್ದೆಯಾಯಿತೋ, ಬೆಲೆ ಇಳಿಸಿ ಮಾತಾಡಿ ಅಥವಾ ಮುಂದಿನ ಗಾಡಿ ನೋಡಿ. ಇದನ್ನು ಸರಿಮಾಡಲು ಫೆಂಡರ್, ಬಾನೆಟ್, ಮುಂಗಾಜು ಬಿಚ್ಚಿ, ಮೇಲಿನ ತಗಡಿನ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ಜಾಲರಿಯ ಮೂಲಕ ಸೀಲಂಟ್ ಸುರಿದು ಮುಚ್ಚಿದ್ದು ಕಂಡರೆ ಮಾರುವವನಿಗೆ ರೋಗ ಗೊತ್ತಿದೆ ಎಂದೇ ಅರ್ಥ. ಇಲ್ಲಿಂದ ಸೋರಿದ ನೀರು ನೆಲದ ತಗಡನ್ನೂ ಅದರಡಿ ಬಿಗಿತ ಕೊಡುವ ಟಾರ್ಕ್ ಬಾಕ್ಸನ್ನೂ ತಿನ್ನುತ್ತದೆ. ಪ್ರತ್ಯೇಕ ಚಾಸಿ ಇಲ್ಲದ ಗಾಡಿಯಾದ್ದರಿಂದ ನೆಲವೇ ಬಲ. ನೆಲ ಹೋದರೆ ಬಾಗಿಲ ಸಂದುಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುತ್ತವೆ. ಕನ್ವರ್ಟಿಬಲ್ ಆದರೆ ಬಾಗಿಲು ತೆರೆದು ಅದರಡಿಯ ಸಿಲ್ಲಿಗೆ ಜಾಕ್ ಕೊಟ್ಟು ನೋಡಿ, ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ ಬಿಟ್ಟುಬಿಡಿ.

ಮುಂದಿನ ಶಾಕ್ ಟವರ್‌ನಲ್ಲಿ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂರುವ ಗೂಡು), ಚಕ್ರ ಹಿಡಿದಿಡುವ ಮೇಲಿನ ಕಂಟ್ರೋಲ್ ಆರ್ಮ್ ಬೋಲ್ಟಿನ ಸುತ್ತ, ಕೂದಲೆಳೆಯಂಥ ಬಿರುಕು ಹುಡುಕಬೇಕು. ವೈರ್ ಬ್ರಷ್‌ನಿಂದ ಉಜ್ಜಿ ಟಾರ್ಚ್ ಹಿಡಿದರೆ ಕಾಣುತ್ತದೆ. ಇದಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯ: ಟವರ್‌ಗಳನ್ನು ಮುಂಗಾಜಿನ ಕೆಳಗಿನ ಅಡ್ಡ ತಗಡಿಗೆ (ಕೌಲ್) ಬಿಗಿಯುವ ಒಂದೇ ತುಂಡಿನ ಗಟ್ಟಿ ಪಟ್ಟಿಗೆ ಇವತ್ತಿಗೂ ‘ಎಕ್ಸ್‌ಪೋರ್ಟ್ ಬ್ರೇಸ್’ ಎಂದೇ ಹೆಸರು, ಏಕೆಂದರೆ ಫೋರ್ಡ್ ಅದನ್ನು ಹೊರದೇಶಕ್ಕೆ ಹೋಗುವ ಗಾಡಿಗಳಿಗೆ ಹಾಕುತ್ತಿತ್ತು. ಬೋಲ್ಟ್ ಹಾಕಿ ಕೂರಿಸುವುದು, ಕತ್ತರಿಸುವುದೇನೂ ಇಲ್ಲ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಇನ್ನೊಂದು ಬದಲಾವಣೆ ಈ ಗಾಡಿಗಿಲ್ಲ.

ಯಾವ ಎಂಜಿನ್? ಸಿ ಕೋಡಿನ ಕೂಪೆಯೇ ನಮ್ಮ ಆಯ್ಕೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಆರು ಸಿಲಿಂಡರಿನದನ್ನು ಕೊಂಡು ವಿ8 ಕೂರಿಸುವ ಆಸೆ ಬೇಡ. ಆರರದ್ದು ಚಕ್ರಕ್ಕೆ ನಾಲ್ಕು ಬೋಲ್ಟ್, ವಿ8ರದ್ದು ಐದು. ಬ್ರೇಕ್ ಡ್ರಮ್ 9 ಇಂಚಿನದ್ದು, ವಿ8ಕ್ಕೆ 10. ಹಿಂದಿನ ಆಕ್ಸಲ್ 7.25 ಇಂಚಿನದ್ದು, ವಿ8ಕ್ಕೆ 8. ಸ್ಪಿಂಡಲ್, ಸ್ಪ್ರಿಂಗ್, ರೇಡಿಯೇಟರ್, ಸ್ಟೇರಿಂಗ್ ಕೊಂಡಿಗಳು ಎಲ್ಲವನ್ನೂ ಬದಲಿಸಬೇಕು, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಮಾರಾಟಕ್ಕಿಟ್ಟ ವಿ8ಕ್ಕೆ ಚಕ್ರದಲ್ಲಿ ನಾಲ್ಕೇ ಬೋಲ್ಟ್ ಕಂಡರೆ ಯಾರೋ ಅರ್ಧಂಬರ್ಧ ಕೆಲಸ ಮಾಡಿದ್ದಾರೆ ಎಂದು ತಿಳಿಯಿರಿ.

ಗಾಡಿ ಮುಟ್ಟಿ, ನೋಂದಣಿ ಮುಗಿದ ಮೇಲೆ ಮೊದಲ ಕೆಲಸ ಬ್ರೇಕ್. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಭಾಗ) ಮತ್ತು ಮುಂದಿನ ಚಕ್ರಗಳಿಗೆ ಡಿಸ್ಕ್. ಕೆಲ್ಸಿ-ಹೇಯ್ಸ್ ಕಂಪನಿಯ ನಾಲ್ಕು ಪಿಸ್ಟನ್ನಿನ ಡಿಸ್ಕನ್ನು ಫೋರ್ಡೇ 1965ರಲ್ಲಿ ಹೆಚ್ಚುವರಿ ಆಯ್ಕೆಯಾಗಿ ಕೊಡುತ್ತಿತ್ತು. ಅದೇ ಮಾದರಿಯ ಕಿಟ್ ಹಾಕಿದರೆ ಆ ಕಾಲಕ್ಕೆ ಸಲ್ಲುವ ಬದಲಾವಣೆ ಎಂದು ತಪಾಸಣೆಯವರಿಗೆ ತೋರಿಸಲು ಸುಲಭ, ಚಾರಿತ್ರಿಕ ವಾಹನಗಳಿಗೆ ಕೊಡುವ ಜರ್ಮನಿಯ ಎಚ್ ನಂಬರ್ ಪ್ಲೇಟಿಗೆ ಇದು ಮುಖ್ಯ. ಕಿಟ್ ತರಿಸುವ ಮೊದಲು ಚಕ್ರ ನೋಡಿ: ಡ್ರಮ್ಮಿಗೆಂದು ಮಾಡಿದ ಹಳೇ 14 ಇಂಚಿನ ಉಕ್ಕಿನ ರಿಮ್ಮುಗಳು ಡಿಸ್ಕಿನ ಕ್ಯಾಲಿಪರ್‌ಗೆ (ಪ್ಯಾಡ್ ಒತ್ತುವ ಭಾಗಕ್ಕೆ) ತಾಗುತ್ತವೆ.

ಕೂರಿಸುವಾಗ ತಪ್ಪಾಗುವ ಜಾಗ ನಾಲ್ಕು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಪೈಪಿನೊಳಗೆ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವ ಪುಟ್ಟ ಕವಾಟ ಇರುತ್ತದೆ. ಡಿಸ್ಕಿನ ಕಡೆಗೆ ಅದು ಉಳಿದರೆ ಪ್ಯಾಡ್ ಸದಾ ಉಜ್ಜುತ್ತ ಡಿಸ್ಕ್ ಬಿಸಿಯಾಗುತ್ತದೆ. ಎರಡನೆಯದು ಪೆಡಲಿನ ತಳ್ಳುಕಡ್ಡಿ. ಅದಕ್ಕೂ ಪಿಸ್ಟನ್ನಿಗೂ ನಡುವೆ ಒಂದೂವರೆ ಮಿಲಿಮೀಟರ್‌ನಷ್ಟು ಬಿಡುವು ಬೇಕು. ಬಿಡುವಿಲ್ಲದಿದ್ದರೆ ಎಣ್ಣೆ ವಾಪಸ್ ಹೋಗುವ ರಂಧ್ರ ಮುಚ್ಚೇ ಇರುತ್ತದೆ, ಕಾದ ಎಣ್ಣೆ ಹಿಗ್ಗಿ, ಪೆಡಲ್ ಮುಟ್ಟದೆಯೇ ಬ್ರೇಕ್ ಹಿಡಿದುಕೊಳ್ಳುತ್ತದೆ. ಮೂರನೆಯದು ಹಿಂದಿನ ಲೈನಿಗೆ ಹೊಂದಿಸಬಹುದಾದ ಪ್ರೊಪೋರ್ಷನಿಂಗ್ ವಾಲ್ವ್, ಅಂದರೆ ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ಕವಾಟ. ಮೂತಿ ಭಾರದ ಈ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ತಿರುಗದೆ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಖಾಲಿ, ಒದ್ದೆ ಜಾಗದಲ್ಲಿ ಮುಂದಿನ ಚಕ್ರ ಮೊದಲು ಕಚ್ಚುವವರೆಗೆ ವಾಲ್ವ್ ತಿರುಗಿಸಿ. ನಾಲ್ಕನೆಯದು ಹೊರದೇಶದಲ್ಲೇ ಆಗುವ ಎಡವಟ್ಟು, ಎಲ್ಲಕ್ಕಿಂತ ಅಪಾಯದ್ದು. ಈ ಗಾಡಿಯ ಪೈಪ್ 3/16 ಇಂಚಿನದ್ದು, ನಟ್ಟಿನ ಮರೆ (ಥ್ರೆಡ್) 3/8 ಇಂಚಿನದ್ದು, ಇಂಚಿಗೆ 24 ಸುತ್ತು, ಪೈಪಿನ ತುದಿ 45 ಡಿಗ್ರಿಗೆ ಅಗಲಿಸಿ ಎರಡು ಪದರವಾಗಿ ಮಡಚಿದ ಡಬಲ್ ಫ್ಲೇರ್. ಮೆಟ್ರಿಕ್ ಎಂ10 ತೂತಿಗೆ ಈ ನಟ್ಟು ಸಡಿಲವಾಗಿ ಹೊಕ್ಕು, ಬಿಗಿದ ಹಾಗೇ ಅನಿಸುತ್ತದೆ. ಗಟ್ಟಿಯಾಗಿ ಒತ್ತಿದ ದಿನ ಮರೆ ಕಿತ್ತು ಬರುತ್ತದೆ. ಅಂಗಡಿಯಲ್ಲಿ ಸಿಕ್ಕ ಮೆಟ್ರಿಕ್ ಟೀ (ಪೈಪ್ ಕವಲಿನ ಜೋಡಣೆ) ಹಾಕಬೇಡಿ. ಪೂರ್ತಿ ಪೈಪ್ ಸೆಟ್ಟನ್ನು ಗಾಡಿಯ ಜೊತೆ ಅದೇ ಕಂಟೇನರಿನಲ್ಲಿ ತರಿಸಿ, ಇಂಚಿನ ಸ್ಪ್ಯಾನರ್ ಸೆಟ್ಟನ್ನೂ.

ದೀಪಗಳು. ಎಡಕ್ಕೆ ಚಲಿಸುವ ದೇಶಗಳಲ್ಲಿ ಅಮೆರಿಕದ 7 ಇಂಚಿನ ಸೀಲ್ಡ್ ಬೀಮ್ (ಬಲ್ಬೂ ಗಾಜೂ ಒಂದೇ ತುಂಡಾದ ಹೆಡ್‌ಲೈಟ್) ಎದುರಿನವರ ಕಣ್ಣಿಗೆ ಬಡಿಯುತ್ತದೆ, ಅಲ್ಲಿಗೆ ತಕ್ಕ, ಬಲ್ಬ್ ಬದಲಿಸಬಹುದಾದ ಎಚ್4 ದೀಪ ಹಾಕಬೇಕು. ಈ ಗಾಡಿಯಲ್ಲಿ ಹೆಡ್‌ಲೈಟಿನ ಇಡೀ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ, ಸ್ವಿಚ್ಚಿನೊಳಗೆ ತಾನಾಗಿ ಕಡಿದು ತಾನಾಗಿ ಕೂಡುವ ಬ್ರೇಕರ್ ಇದೆ. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿದರೆ ರಾತ್ರಿ ಹೆದ್ದಾರಿಯಲ್ಲಿ ದೀಪ ಆರಿ ಹತ್ತಿ ಮಾಡುತ್ತದೆ. ಎರಡು 30 ಆಂಪಿಯರ್ ರಿಲೇ ಹಾಕಿ, ಬಲ ಏಪ್ರನ್ನಿನ ಮೇಲಿರುವ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಕಡೆಯಿಂದ ಫ್ಯೂಸ್ ಮೂಲಕ ಕರೆಂಟ್ ಎಳೆದರೆ ಹಳೇ ಸ್ವಿಚ್ಚಿನ ಮೇಲೆ ಹೊರೆಯೇ ಬೀಳುವುದಿಲ್ಲ. ಹಿಂದೆ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ಬಲ್ಬ್. ಬ್ರಿಟನ್ನಿನಲ್ಲಿ 1965ರ ಸೆಪ್ಟೆಂಬರ್ 1ಕ್ಕೆ ಮೊದಲು ಬಳಕೆಗೆ ಬಂದ ಗಾಡಿಗೆ ವಿನಾಯಿತಿ ಇದೆ, ಆಮೇಲಿನದಕ್ಕೆ ಹಳದಿ ಇಂಡಿಕೇಟರ್ ಬೇಕು. ಸ್ಟೇರಿಂಗ್ ಕಾಲಮ್ಮಿನ ಸ್ವಿಚ್ಚಿಗೆ ಬರುವ ಬ್ರೇಕ್ ತಂತಿಯನ್ನು ಅಲ್ಲಿಂದ ಬಿಡಿಸಿ ನೇರ ಹಿಂದಿನ ಕೆಂಪು ಬಲ್ಬುಗಳಿಗೆ ಕೊಟ್ಟು, ಸ್ವಿಚ್ಚಿನಿಂದ ಹಿಂದಕ್ಕೆ ಹೊರಡುವ ಎರಡು ತಂತಿಗಳನ್ನು ಹೊಸ ಹಳದಿ ದೀಪಗಳಿಗೆ ಕೊಟ್ಟರೆ ಆಯಿತು.

ಪೆಟ್ರೋಲಿನ ಆಕ್ಟೇನ್ ಅಂಕಿ ನೋಡಿ ಗಾಬರಿಯಾಗಬೇಡಿ. ಅಮೆರಿಕದ ಪಂಪಿನ 91 ಬೇರೆ ಅಳತೆ, ಬೇರೆ ದೇಶಗಳ ಆರ್‌ಒಎನ್ ಲೆಕ್ಕದಲ್ಲಿ ಅದು ಸುಮಾರು 95–96. ಸಿ ಕೋಡಿನ ಕಂಪ್ರೆಷನ್ 9.3, ಎ ಕೋಡಿನದು 10, ಕೆ ಕೋಡಿನದು 10.5, ಕೊನೆಯ ಎರಡಕ್ಕೆ 98ರದ್ದೇ ಹಾಕಿ. ಎಥೆನಾಲ್ ಹಳೇ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲ ಬದಲಿಸಿ. ಹೆದ್ದಾರಿ ಓಡಾಟ ಹೆಚ್ಚಿದ್ದರೆ ಐದು ಗೇರಿನ ಟಿ-5 ಗೇರ್‌ಬಾಕ್ಸ್ ಒಳ್ಳೆಯ ಸೇರ್ಪಡೆ. ಆದರೆ ಎಂಜಿನ್ ಹಿಂಭಾಗದಲ್ಲಿ ಗೇರ್‌ಬಾಕ್ಸ್ ಸೇರಿಸುವ ಕವಚದ (ಬೆಲ್‌ಹೌಸಿಂಗ್) ಬೋಲ್ಟ್ ಎಣಿಸಿ: 1964ರ ಬೇಸಿಗೆಯವರೆಗಿನ ಬ್ಲಾಕ್‌ಗೆ ಐದು, ಆಮೇಲಿನದಕ್ಕೆ ಆರು. ಬಹುತೇಕ ಕಿಟ್‌ಗಳು ಆರು ಬೋಲ್ಟಿನದ್ದಕ್ಕೆ. (ಜರ್ಮನಿಯಲ್ಲಿ ಮಸ್ಟಾಂಗ್ ಹೆಸರಿನ ಹಕ್ಕು ಬೇರೆಯವರ ಬಳಿ ಇದ್ದುದರಿಂದ ಗಾಡಿಯೇ ‘ಟಿ-5’ ಹೆಸರಲ್ಲಿ ಮಾರಾಟವಾಗಿತ್ತು, ಗೇರ್‌ಬಾಕ್ಸಿಗೂ ಅದಕ್ಕೂ ನಂಟಿಲ್ಲ. ಬಿಡಿಭಾಗ ಹುಡುಕುವಾಗ ಗೊಂದಲ ಬೇಡ.)

ಸಸ್ಪೆನ್ಷನ್ನಿನಲ್ಲಿ ಮೇಲಿನ ಕಂಟ್ರೋಲ್ ಆರ್ಮನ್ನು 1 ಇಂಚು ಕೆಳಗೆ, 1/8 ಇಂಚು ಹಿಂದೆ ಹೊಸ ತೂತಿಗೆ ಇಳಿಸುವ ‘ಶೆಲ್ಬಿ ಡ್ರಾಪ್’ ತಿರುವಿನಲ್ಲಿ ಗಾಡಿಯ ನಡತೆಯನ್ನೇ ಬದಲಿಸುತ್ತದೆ. ಕೊರೆಯುವ ಮೊದಲು ಟೆಂಪ್ಲೇಟ್ ಹಿಡಿಯಿರಿ, ಒಂದಿಂಚಿಗಿಂತ ಹೆಚ್ಚು ಇಳಿಸಿದರೆ ಬಾಲ್ ಜಾಯಿಂಟ್ ಬಾಗಿ ಕಚ್ಚಿಕೊಳ್ಳುತ್ತದೆ. ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲವಾದ್ದರಿಂದ, ಹಿಂದಿನ ಸೀಟಿನ ಬೆನ್ನಿಗೆ ಉಕ್ಕಿನ ಹಾಳೆ ಬಿಗಿಸುವುದನ್ನು ಮಾತ್ರ ಮರೆಯಬೇಡಿ. ಹಿಂದಿನಿಂದ ಗುದ್ದಿದರೆ ಪೆಟ್ರೋಲಿಗೂ ಕೂತವರಿಗೂ ನಡುವೆ ರಟ್ಟು ಮತ್ತು ಸೀಟಿನ ಬಟ್ಟೆ ಬಿಟ್ಟರೆ ಬೇರೇನಿಲ್ಲ.

ಕೊನೆಗೆ ಸ್ಟೇರಿಂಗನ್ನು ಬಲಕ್ಕೆ ತರುವ ವಿಚಾರ. ಕಾನೂನು ಒತ್ತಾಯಿಸದಿದ್ದರೆ ಬೇಡವೇ ಬೇಡ. ಫೋರ್ಡ್ ಆಸ್ಟ್ರೇಲಿಯಾವೇ 1966ರ ಸುಮಾರಿಗೆ ಸಿಡ್ನಿಯ ಹೋಮ್‌ಬುಷ್‌ನಲ್ಲಿ ಸುಮಾರು 200 ಗಾಡಿಗಳನ್ನು ಹಾಗೆ ಬದಲಿಸಿತ್ತು, ಅದು ಕಾರ್ಖಾನೆಯ ಕೆಲಸ. ಸಾಮಾನ್ಯ ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸಿಗಾಗಿ ಬಲಗಡೆಯ ಉದ್ದ ಉಕ್ಕಿನ ರೈಲನ್ನು ಬಲಪಡಿಸಬೇಕು, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಫೈರ್‌ವಾಲ್ ಕತ್ತರಿಸಬೇಕು, ಹೀಟರ್ ಮತ್ತು ವೈಪರ್ ಕೊಂಡಿ ಆಚೀಚೆ ಮಾಡಬೇಕು. 289ರ ಸ್ಟಾರ್ಟರ್ ಮೋಟರ್ ಬಲಗಡೆಯೇ ಇರುವುದರಿಂದ ಕಾಲಮ್ಮು, ಎಕ್ಸಾಸ್ಟು, ಸ್ಟಾರ್ಟರ್ ಮೂರೂ ಒಂದೇ ಜಾಗಕ್ಕೆ ಜಗಳಕ್ಕೆ ಬೀಳುತ್ತವೆ. ಬ್ರಿಟನ್ನಿನಲ್ಲಿ 2025ರವರೆಗೆ, ಬದಲಿಸಿದ ಗಾಡಿ ತನ್ನ ನೋಂದಣಿ ಗುರುತು ಉಳಿಸಿಕೊಳ್ಳಲು 8 ಅಂಕ ಗಳಿಸಬೇಕಿತ್ತು: ಬಾಡಿ ಶೆಲ್ಲಿಗೇ 5 ಅಂಕ, ಎಂಜಿನ್ನಿಗೆ 1. ಕತ್ತರಿ ಬಿದ್ದ ಶೆಲ್ಲು ಆ 5ನ್ನೂ ಕಳೆದುಕೊಳ್ಳಬಹುದಿತ್ತು. ಎಡಗೈ ಸ್ಟೇರಿಂಗ್ ಉಳಿಸಿಕೊಂಡು ಬಲಕ್ಕೊಂದು ಅಗಲವಾದ ಕನ್ನಡಿ ಹಾಕಿಸಿ, ಓವರ್‌ಟೇಕ್‌ಗೆ ಮುಂದಿನ ಗಾಡಿಯಿಂದ ಇನ್ನಷ್ಟು ಹಿಂದೆ ನಿಂತು ನೋಡುವ ರೂಢಿ ಮಾಡಿಕೊಂಡರೆ, ಎರಡು ಮೂರು ವಾರಕ್ಕೆ ಕೈ ಕೂರುತ್ತದೆ.