ರಿಮೋಟ್ ಕಾರಿನ ಪಾರದರ್ಶಕ ಬಾಡಿಯೊಳಗೆ ಕ್ಯಾಂಡಿ ಬಣ್ಣ ಹೊಡೆಯುವ ಮುನ್ನ ಥಿನ್ನರ್ ಡಬ್ಬಿಯನ್ನು ನೋಡಿ

ಕಳೆದ ಮಳೆಗಾಲದಲ್ಲಿ ನಾನು ರಿಮೋಟ್ ಕಾರಿನ ಒಂದು ಪಾರದರ್ಶಕ ಬಾಡಿಯನ್ನು ಕೈಯಾರೆ ಹಾಳುಮಾಡಿದೆ. ಅದು ಹಾಳಾಗಿದೆ ಎಂಬುದು ನನಗೆ ಗೊತ್ತಾದದ್ದು ಬಣ್ಣ ಹೊಡೆದು ಹನ್ನೊಂದು ದಿನ ಕಳೆದ ಮೇಲೆ. ಈ ಹನ್ನೊಂದು ದಿನಗಳೇ ನಾನು ಇದನ್ನು ಬರೆಯಲು ಕಾರಣ. ಹೊಡೆದ ಕೂಡಲೇ ಬಣ್ಣ ಕೆಟ್ಟಿದ್ದರೆ ತಪ್ಪು ಅಲ್ಲೇ ತಿಳಿಯುತ್ತಿತ್ತು. ಆದರೆ ನನ್ನ ಬಾಡಿ ಒಣಗಿದಾಗ ಬಹಳ ಚೆನ್ನಾಗಿ ಕಾಣುತ್ತಿತ್ತು, ನೋಡಿದವರೆಲ್ಲ ಮೆಚ್ಚಿದ್ದರು, ನಾನು ಅದೇ ವಿಧಾನವನ್ನು ಇಬ್ಬರು ಗೆಳೆಯರಿಗೆ ಹೇಳಿಕೊಟ್ಟೂ ಬಿಟ್ಟಿದ್ದೆ. ಅವರಲ್ಲಿ ಒಬ್ಬರು ನನ್ನ ಮಾತು ನಂಬಿ ತಮ್ಮ ಬಾಡಿಯನ್ನೂ ಕಳೆದುಕೊಂಡರು. ಅದು ನನಗೆ ಇಂದಿಗೂ ನೋವಿನ ಸಂಗತಿ.

ಈ ಹವ್ಯಾಸಕ್ಕೆ ಹೊಸದಾಗಿ ಬಂದವರಿಗಾಗಿ ಮೊದಲು ವಸ್ತುವಿನ ಪರಿಚಯ ಹೇಳುತ್ತೇನೆ. 1:10 ಅಳತೆಯ ರಿಮೋಟ್ ಕಾರುಗಳ ಮೇಲ್ಕವಚ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಹಾಳೆಯದು. ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಎಳೆದು ಅದಕ್ಕೆ ಕಾರಿನ ಆಕಾರ ಕೊಡುತ್ತಾರೆ. ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಮೂಲೆಗಳಲ್ಲಿ ಇನ್ನೂ ಕಡಿಮೆ. ಇದಕ್ಕೆ ಬಣ್ಣ ಹೊಡೆಯುವುದು ಒಳಗಿನಿಂದ. ಕಾರು ಉಜ್ಜಿ ಉರುಳಿದರೂ ಬಣ್ಣಕ್ಕೆ ಗೀರು ಬೀಳದೆ ಇರಲಿ ಎಂಬುದು ಇದರ ಹಿಂದಿನ ಉದ್ದೇಶ. ಹೊರಗಿನ ಹೊಳಪನ್ನು ಪ್ಲಾಸ್ಟಿಕ್ಕೇ ಕೊಡುತ್ತದೆ.

ಕ್ಯಾಂಡಿ ಬಣ್ಣ ಎಂದರೆ ಬೆಳಕನ್ನು ಒಳಗೆ ಬಿಡುವ ಬಣ್ಣ. ಬೆಳಕು ಅದನ್ನು ದಾಟಿ, ಅದರಾಚೆಗಿನ ಬೆಳ್ಳಿ ಬಣ್ಣಕ್ಕೆ ತಾಗಿ, ಮತ್ತೆ ಅದೇ ಬಣ್ಣದೊಳಗಿಂದ ಹಾದು ನಮ್ಮ ಕಣ್ಣಿಗೆ ಬರುತ್ತದೆ. ಎರಡು ಸಲ ಹಾದುಬರುವುದರಿಂದಲೇ ಆ ಆಳ, ಪಾಕ ಹಾಕಿದ ಹಣ್ಣಿನಂಥ ಆ ಮಿರುಗು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗೆ ಬಣ್ಣ ಹಾಕುತ್ತಿದ್ದ ಜೋ ಬೈಲನ್ ಅವರ ಹೆಸರು ಕ್ಯಾಂಡಿ ಆಪಲ್ ಕೆಂಪಿನೊಂದಿಗೆ ಸೇರಿಕೊಂಡಿದೆ. ನಿಜವಾದ ಕಾರಿನಲ್ಲಿ ಮೊದಲು ಬೆಳ್ಳಿ ಅಥವಾ ಬಂಗಾರದ ಬಣ್ಣ, ಅದರ ಮೇಲೆ ಕ್ಯಾಂಡಿ, ಕೊನೆಗೆ ಪಾರದರ್ಶಕ ಪದರ. ಪಾರದರ್ಶಕ ಬಾಡಿಯಲ್ಲಿ ಈ ಕ್ರಮ ತಿರುವುಮುರುವು: ಮೊದಲು ಕ್ಯಾಂಡಿ, ಆಮೇಲೆ ಬೆಳ್ಳಿ, ಕೊನೆಗೆ ಬೆಳಕು ತೂರದಂತೆ ಕಪ್ಪು. ಹಾಗಾಗಿ ಇಲ್ಲಿ ತಿದ್ದಿಕೊಳ್ಳಲು ಅವಕಾಶವಿಲ್ಲ. ಮೊದಲು ಹೊಡೆದ ಪದರವೇ ಎಲ್ಲರಿಗೂ ಕಾಣುವ ಪದರ.

ಈ ಕ್ರಮ ನನಗೆ ಗೊತ್ತಿತ್ತು. ನಾನು ಎಡವಿದ್ದು ಬಣ್ಣವನ್ನು ತೆಳುಮಾಡುವಲ್ಲಿ.

ಬಾಡಿ ಹೊರದೇಶದಿಂದ ಬಂದದ್ದು. ಸುಂಕ, ಸಾಗಣೆ ಎಲ್ಲ ಸೇರಿ ನಾಲ್ಕೂವರೆ ಸಾವಿರ ರೂಪಾಯಿ ತಗಲಿತ್ತು, ಆರು ವಾರ ಕಾಯಬೇಕಾಯಿತು. ಅಕ್ಕನ ಮಗನ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಪಾಲಿಕಾರ್ಬೊನೇಟಿಗೆಂದೇ ಮಾಡಿದ ಪಾರದರ್ಶಕ ಕೆಂಪು ಆ ಸಮಯಕ್ಕೆ ಸಿಗಲಿಲ್ಲ. ವಾಹನಗಳ ಬಣ್ಣ ಮಾರುವ ಒಂದು ಅಂಗಡಿಯಲ್ಲಿ ಕ್ಯಾಂಡಿ ಕೆಂಪಿನ ಗಟ್ಟಿ ದ್ರಾವಣ ಸಿಕ್ಕಿತು. ಅದಕ್ಕೆ ಬೆರೆಸಿ ತೆಳುಮಾಡಲೆಂದು ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್ ಎಂಬ ದ್ರಾವಕ ಕೊಂಡೆ. ಬೈಕಿನ ಟ್ಯಾಂಕಿಗೆ ನಿತ್ಯ ಹೊಡೆಯುವ ಬಣ್ಣ, ಯಾವ ತೊಂದರೆಯೂ ಇಲ್ಲ ಎಂದು ಅಂಗಡಿಯವರು ಹೇಳಿದರು. ಅವರು ಹೇಳಿದ್ದು ತಗಡಿನ ಮಟ್ಟಿಗೆ ಸರಿಯೇ. ನನ್ನದು ತಗಡಲ್ಲ ಎಂಬುದನ್ನು ನೆನಪಿಡಬೇಕಾದವನು ನಾನು.

ಮನಸ್ಸಿನಲ್ಲಿ ಅಳುಕಿದ್ದುದರಿಂದ ಮೊದಲು ಪರೀಕ್ಷೆ ಮಾಡಿದೆ. ಖಾಲಿ ಸೋಡಾ ಬಾಟಲಿಯೊಂದನ್ನು ಉದ್ದಕ್ಕೆ ಸೀಳಿ, ಒಳಮೈಗೆ ಬಣ್ಣ ಹೊಡೆದು, ಒಂದು ರಾತ್ರಿ ಬಿಟ್ಟು ನೋಡಿದೆ. ಮಸುಕಾಗಲಿಲ್ಲ, ಮೆತ್ತಗಾಗಲಿಲ್ಲ, ಬಿರುಕು ಬಿಡಲಿಲ್ಲ. ಇದೇ ನನ್ನನ್ನು ದಾರಿ ತಪ್ಪಿಸಿದ್ದು. ಸೋಡಾ ಬಾಟಲಿ ಪೆಟ್ ಎಂಬ ಬೇರೆಯೇ ಪ್ಲಾಸ್ಟಿಕ್. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂದಿರುತ್ತದೆ. ಪಾಲಿಕಾರ್ಬೊನೇಟಿಗೆ ಪ್ರತ್ಯೇಕ ಅಂಕೆಯಿಲ್ಲ, ಅದು 7ರ ‘ಇತರೆ’ ಗುಂಪಿಗೆ ಸೇರುತ್ತದೆ. ಹಿಗ್ಗಿಸಿ ಊದಿ ಮಾಡಿದ ಪೆಟ್ ಬಾಟಲಿಯ ಅಣುಸರಪಳಿಗಳು ಒತ್ತಾಗಿ ಸಾಲುಗೂಡಿರುವುದರಿಂದ ಥಿನ್ನರ್ ಅದರೊಳಗೆ ಸುಲಭವಾಗಿ ಇಳಿಯುವುದಿಲ್ಲ. ಪಾಲಿಕಾರ್ಬೊನೇಟಿನಲ್ಲಿ ಅಂಥ ಜೋಡಣೆಯಿಲ್ಲ. ಎರಡೂ ಕಣ್ಣಿಗೆ ಒಂದೇ ಥರ ತಿಳಿಯಾಗಿ ಕಾಣುತ್ತವೆ ಎಂಬುದನ್ನು ಬಿಟ್ಟರೆ ಈ ವಿಷಯದಲ್ಲಿ ಅವುಗಳಿಗೆ ಸಂಬಂಧವೇ ಇಲ್ಲ.

ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಕಿಟಕಿಗಳಿಗೆ ಬಣ್ಣ ತಾಗದಂತೆ ಮಾಸ್ಕಿಂಗ್ ಅಂಟಿಸಿ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ 0.3 ಮಿಲಿಮೀಟರ್ ನಾಜಲ್ಲಿನ ಏರ್‌ಬ್ರಶ್‌ನಿಂದ ಆರು ತೆಳು ಪದರ ಕೆಂಪು, ಅದರ ಹಿಂದೆ ಬೆಳ್ಳಿ, ಅದರ ಹಿಂದೆ ಕಪ್ಪು ಹೊಡೆದೆ. ಮರುದಿನ ಹೊರಗಿನ ರಕ್ಷಣಾ ಹಾಳೆಯನ್ನು ಸುಲಿದಾಗ ಆ ಕೆಂಪನ್ನು ನೋಡಿ ನನಗೇ ನಂಬಿಕೆಯಾಗಲಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಅದು ದಾಳಿಂಬೆ ಕಾಳಿನಂತೆ ಒಳಗಿನಿಂದ ಬೆಳಗುತ್ತಿತ್ತು. ಆಮೇಲೆ ಬಾಡಿಯನ್ನು ಕಾರಿನ ಮೇಲೆ ಹಿಡಿದಿಡುವ ಪೋಸ್ಟುಗಳಿಗೆ ನಾಲ್ಕು ತೂತು ಕೊರೆದು, ಚಕ್ರದ ಕಮಾನುಗಳನ್ನು ಕತ್ತರಿಸಿ, ಕಾರಿಗೆ ಕೂರಿಸಿ, ಪಿನ್ ಹಾಕಿ ಕಪಾಟಿನಲ್ಲಿಟ್ಟೆ.

ಹುಟ್ಟುಹಬ್ಬದ ದಿನ ಹುಡುಗ ಕಾರನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿದ. “ಮಾಮ, ಇಲ್ಲಿ ಜೇಡರ ಬಲೆ ಥರ ಏನೋ ಇದೆ” ಎಂದ. ಹಿಂದಿನ ತೂತಿನ ಸುತ್ತ ಕೂದಲಿಗಿಂತ ಸಣ್ಣ ಗೆರೆಗಳು ಸೂರ್ಯನ ಕಿರಣಗಳಂತೆ ಹರಡಿಕೊಂಡಿದ್ದವು. ನೇರವಾಗಿ ನೋಡಿದರೆ ಕಾಣುತ್ತಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೊಂದೂ ಬೆಳ್ಳಿಯ ಎಳೆಯಂತೆ ಮಿನುಗುತ್ತಿತ್ತು. ಉಗುರು ಆಡಿಸಿದರೆ ಹೊರಮೈ ನುಣುಪಾಗಿಯೇ ಇತ್ತು. ಬಿರುಕು ಇದ್ದದ್ದು ಒಳಗಡೆ, ಬಣ್ಣ ತಾಗಿದ ಕಡೆ. ಬಣ್ಣದ ಬಿರುಕಿರಬಹುದು ಎಂದು ಸಮಾಧಾನ ಹೇಳಿ ಅಂಗಳದಲ್ಲಿ ಓಡಿಸಲು ಬಿಟ್ಟೆ. ಎರಡನೆಯ ಸುತ್ತಿನಲ್ಲಿ ಕಾರು ಹೂಕುಂಡಕ್ಕೆ ಮೆಲ್ಲಗೆ ತಾಗಿತು. ಪಾಲಿಕಾರ್ಬೊನೇಟ್ ಬಾಡಿ ಇಂಥ ಪೆಟ್ಟಿಗೆ ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬರಬೇಕು. ಇದು ಗಾಜಿನ ಬಳೆಯಂತೆ ಒಡೆಯಿತು. ಮುಂಭಾಗದ ಅಂಗೈಯಗಲದ ತುಂಡು ಮೂರು ಚೂರಾಗಿ ಬಿತ್ತು. ಹುಡುಗ ಓಡಿಹೋಗಿ ಹೆಕ್ಕುವಾಗ ಒಂದರ ಅಂಚು ಅವನ ಹೆಬ್ಬೆರಳನ್ನು ಕೊಯ್ದಿತು. ಗಾಯ ದೊಡ್ಡದಲ್ಲ, ಆದರೆ ಅದು ಆಗಬಾರದಿತ್ತು.

ಕಾರಣವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಎನ್.ಸಿ. ಥಿನ್ನರಿನಲ್ಲಿ ಟಾಲ್ಯೂಯಿನ್, ಅಸಿಟೋನ್ ಮತ್ತು ಅಂಥವೇ ಬಲವಾದ ದ್ರಾವಕಗಳು ಇರುತ್ತವೆ. ಇವು ಪಾಲಿಕಾರ್ಬೊನೇಟಿನೊಳಗೆ ಇಳಿದು ಅಣುಸರಪಳಿಗಳ ನಡುವಿನ ಹಿಡಿತವನ್ನು ಸಡಿಲಿಸುತ್ತವೆ. ಹಾಳೆಯಲ್ಲಿ ಎಳೆತವಿಲ್ಲದಿದ್ದರೆ ಸಡಿಲಗೊಂಡರೂ ಅದು ಸುಮ್ಮನೆ ನಿಂತಿರಬಹುದು. ಆದರೆ ಕಾಯಿಸಿ ಎಳೆದು ಮಾಡಿದ ಬಾಡಿಯ ಮೂಲೆಗಳಲ್ಲೂ ಕಮಾನುಗಳಲ್ಲೂ ಎಳೆತ ಮೊದಲಿನಿಂದಲೇ ಉಳಿದಿರುತ್ತದೆ. ನಾವು ಕೊರೆದ ತೂತು, ಕತ್ತರಿಸಿದ ಅಂಚು, ಬಿಗಿದ ಪಿನ್ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಹಿಡಿತ ಸಡಿಲವಾದ ಜಾಗವೂ ಎಳೆತವಿರುವ ಜಾಗವೂ ಒಂದೇ ಆದಲ್ಲಿ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ. ನನ್ನ ಸೋಡಾ ಬಾಟಲಿಗೆ ತೂತೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಅಂದರೆ ಪ್ಲಾಸ್ಟಿಕ್ ಸರಿಯಾದದ್ದೇ ಆಗಿದ್ದರೂ ಆ ಪರೀಕ್ಷೆ ಅರ್ಧ ಮಾತ್ರವೇ ಆಗುತ್ತಿತ್ತು. ಬಿಡಿಭಾಗ ಜೋಡಿಸಿ ಮಾಡುವ ಪಾರದರ್ಶಕ ಪಾಲಿಸ್ಟೈರೀನ್ ಮಾದರಿ ಕಿಟ್‌ಗಳ ಬಾಡಿಗೂ ಎನ್.ಸಿ. ಥಿನ್ನರ್ ಶತ್ರುವೇ, ಆದರೆ ಅಲ್ಲಿ ಮೈ ಕೂಡಲೇ ಮಂಜಾಗಿ ಕರಗತೊಡಗುವುದರಿಂದ ತಪ್ಪು ತಕ್ಷಣ ತಿಳಿಯುತ್ತದೆ.

ನೀವು ಪರೀಕ್ಷೆ ಮಾಡುವುದಾದರೆ ಬಾಡಿಯ ಕೆಳಅಂಚಿನಲ್ಲಿ ಕತ್ತರಿಸಿ ಎಸೆಯುವ ಪಟ್ಟಿಯನ್ನೇ ಮೊದಲು ಕತ್ತರಿಸಿಟ್ಟುಕೊಳ್ಳಿ. ಅದರಲ್ಲಿ ಒಂದು ತೂತು ಕೊರೆದು, ಬಣ್ಣ ಹೊಡೆದು, ಬಿಲ್ಲಿನಂತೆ ಬಗ್ಗಿಸಿ, ಎರಡು ತುದಿಗಳನ್ನು ದಾರದಿಂದ ಕಟ್ಟಿ ಕನಿಷ್ಠ ಎರಡು ವಾರ ಬಿಡಿ. ಬಣ್ಣ ಹೊಡೆದ ಮೈ ಬಿಲ್ಲಿನ ಹೊರಬದಿಗೆ ಬರುವಂತಿರಲಿ. ಪಟ್ಟಿ ಸಿಗದಿದ್ದರೆ ಹಳೆಯ ಸಿಡಿ ಉಪಯೋಗಕ್ಕೆ ಬರುತ್ತದೆ. ಸಿಡಿ ಎಂಬುದು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ, ಅದರ ಓದುವ ಬದಿ ಬರಿಯ ಪ್ಲಾಸ್ಟಿಕ್. ನಾನು ಅದರ ಮೇಲೆ ಎನ್.ಸಿ. ಥಿನ್ನರಿನ ಒಂದು ಹನಿ ಬಿಟ್ಟು ನೋಡಿದೆ. ಹನಿ ಆರಿದ ಜಾಗದಲ್ಲಿ ಹಾಲು ಬಿದ್ದಂಥ ಮಚ್ಚೆ ಉಳಿಯಿತು. ಹತ್ತು ಸೆಕೆಂಡಿನ ಈ ಕೆಲಸವನ್ನು ನಾನು ಮೊದಲೇ ಮಾಡಿದ್ದರೆ ಹುಡುಗನ ಬೆರಳಿಗೆ ಗಾಯವಾಗುತ್ತಿರಲಿಲ್ಲ.

ಬಣ್ಣದ ಆಯ್ಕೆಯಲ್ಲಿ ಒಂದೇ ಮಾತು: ಡಬ್ಬಿಯ ಮೇಲೆ ಪಾಲಿಕಾರ್ಬೊನೇಟಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಜಪಾನಿನ ಮಾದರಿ ತಯಾರಕ ಕಂಪನಿ ಟಾಮಿಯಾದ ಸ್ಪ್ರೇ ಡಬ್ಬಿಗಳಲ್ಲಿ ಪಿಎಸ್ ಸಾಲು ಪಾಲಿಕಾರ್ಬೊನೇಟಿಗೆ, ಟಿಎಸ್ ಸಾಲು ಪಾಲಿಸ್ಟೈರೀನ್ ಕಿಟ್‌ಗಳಿಗೆ. ಡಬ್ಬಿಗಳು ನೋಡಲು ಒಂದೇ ಥರ ಇರುವುದರಿಂದ ಅದಲುಬದಲಾಗುವುದು ಸುಲಭ. ಪಿಎಸ್-37 ಪಾರದರ್ಶಕ ಕೆಂಪು, ಪಿಎಸ್-38 ಪಾರದರ್ಶಕ ನೀಲಿ. ಹಿಂದೆ ಹೊಡೆಯಲು ಪಿಎಸ್-12 ಬೆಳ್ಳಿ. ಏರ್‌ಬ್ರಶ್‌ಗೆಂದೇ ಪಾಲಿಕಾರ್ಬೊನೇಟಿಗೆ ಒಗ್ಗುವ ನೀರಿನ ಬಣ್ಣಗಳೂ ಬರುತ್ತವೆ. ಈಗ ನಾನು ಬಳಸುವುದು ಅವನ್ನೇ. ಕಿಟ್‌ಗಳಿಗೆ ಹಚ್ಚುವ ಸಾಮಾನ್ಯ ಅಕ್ರಿಲಿಕ್ ಪಾರದರ್ಶಕ ಬಣ್ಣಗಳು ಪ್ಲಾಸ್ಟಿಕ್ಕನ್ನು ಒಡೆಯುವುದಿಲ್ಲ, ಆದರೆ ಅದಕ್ಕೆ ಅಂಟುವುದೂ ಇಲ್ಲ. ಬಾಡಿ ನಾಲ್ಕು ಸಲ ಬಗ್ಗಿದರೆ ಹಪ್ಪಳದಂತೆ ಎದ್ದುಬರುತ್ತವೆ.

ನನ್ನ ಮಾತು ನಂಬಿ ಬಾಡಿ ಕಳೆದುಕೊಂಡ ಗೆಳೆಯರಿಗೆ ಇನ್ನೊಂದು ತೊಂದರೆಯೂ ಆಗಿತ್ತು. ಅವರು ಕೆಂಪಿನ ಹಿಂದೆ ಬೆಳ್ಳಿಯ ಬದಲು ನೇರವಾಗಿ ಬಿಳಿ ಹೊಡೆದಿದ್ದರು. ಅನೇಕ ಕ್ಯಾಂಡಿ ದ್ರಾವಣಗಳಲ್ಲಿ ಇರುವುದು ಪುಡಿಯ ವರ್ಣವಲ್ಲ, ಕರಗಿದ ರಂಗು. ಹಿಂದಿನ ಪದರ ಒದ್ದೆಯಾಗಿ ಬಿದ್ದರೆ ಅದರ ದ್ರಾವಕವೇ ರಂಗನ್ನು ಮತ್ತೆ ಕರಗಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಅವರ ಬಿಳಿಯೆಲ್ಲ ಗುಲಾಬಿಯಾಗಿ, ಹೊರಗಿನಿಂದ ಕೆಂಪು ಮೋಡ ಮೋಡವಾಗಿ ಕಾಣುತ್ತಿತ್ತು. ಬೆಳ್ಳಿಯಾದರೂ ಮೊದಲ ಎರಡು ಪದರಗಳನ್ನು ದೂರದಿಂದ, ಬೀಳುವಷ್ಟರಲ್ಲಿ ಅರ್ಧ ಒಣಗುವಂತೆ ಹೊಡೆಯಬೇಕು.

ಪಟ್ಟೆಗಳ ಬಗ್ಗೆಯೂ ಹೇಳಬೇಕು. ಬೆಳಕು ತೂರದ ಸಾಮಾನ್ಯ ಬಣ್ಣದಲ್ಲಿ ಒಂದು ಜಾಗಕ್ಕೆ ಎರಡು ಸಲ ಕೈ ಹೋದರೂ ಕಾಣುವುದಿಲ್ಲ. ಕ್ಯಾಂಡಿಯಲ್ಲಿ ಪ್ರತಿ ಸಲವೂ ಬಣ್ಣ ಗಾಢವಾಗುತ್ತದೆ. ನಾನು 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿಯ ಒತ್ತಡದಲ್ಲಿ ಪ್ರತಿ ಪದರವನ್ನು ಬೇರೆ ದಿಕ್ಕಿನಲ್ಲಿ ಹೊಡೆಯುತ್ತೇನೆ. ಬಾಡಿಯ ಅಂಚಿನಾಚೆ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡುತ್ತೇನೆ. ಒಳಗಿನಿಂದ ನೋಡಿ ಗಾಢತೆ ಅಳೆಯಲು ಹೋದರೆ ಮೋಸಹೋಗುವುದು ಖಂಡಿತ. ಬಾಡಿಯ ಒಳಗೆ ಬೆಳ್ಳಿ ಕಾಗದ ಹಿಡಿದು ಹೊರಗಿನಿಂದ ನೋಡಿ. ಮಳೆಗಾಲದಲ್ಲಿ ಕಂಪ್ರೆಸರಿಗೆ ನೀರು ಹಿಡಿಯುವ ಬಟ್ಟಲು ಇರಲೇಬೇಕು, ಏಕೆಂದರೆ ಗಾಳಿಯ ಜೊತೆ ಬಂದ ಒಂದೇ ಹನಿ ಮೊದಲ ಪದರದಲ್ಲಿ ಮಚ್ಚೆಯಾಗಿ ಕೊನೆಯವರೆಗೂ ಉಳಿಯುತ್ತದೆ.

ಅಂಗಡಿಯಲ್ಲಿ ನನಗೆ ಹಾರ್ಡ್‌ನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಟೂಕೆ ಕ್ಲಿಯರ್ ಎಂಬ ಎರಡು ಭಾಗಗಳ ಪಾರದರ್ಶಕ ಲೇಪವನ್ನೂ ತೋರಿಸಿದ್ದರು. ಒಳಗಿನಿಂದ ಬಣ್ಣ ಹೊಡೆಯುವ ಬಾಡಿಗೆ ಅದು ಬೇಕಾಗಿಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಗಿಬಿಟ್ಟರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಹುದು. ಮನೆಯ ಕೋಣೆಯಲ್ಲಿ ಅದನ್ನು ದಯವಿಟ್ಟು ಹೊಡೆಯಬೇಡಿ. ಬೇರೆ ದ್ರಾವಕ ಬಣ್ಣಗಳಿಗೂ ಬಟ್ಟೆಯ ಮಾಸ್ಕ್ ಸಾಲದು, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಆ ದಿನ ಮಳೆಯೆಂದು ಕಿಟಕಿ ಮುಚ್ಚಿ ಮೂರು ಗಂಟೆ ಕೆಲಸ ಮಾಡಿದ ನನಗೆ ರಾತ್ರಿಯಿಡೀ ತಲೆಸಿಡಿತ ಬಿಡಲಿಲ್ಲ.

ಈಗಾಗಲೇ ಎನ್.ಸಿ. ಥಿನ್ನರ್ ಬೆರೆಸಿ ಹೊಡೆದ ಬಾಡಿ ನಿಮ್ಮಲ್ಲಿದ್ದರೆ, ಇಂದೇ ಅದನ್ನು ಕಾರಿನಿಂದ ಬಿಚ್ಚಿ, ಹೊರಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತೂತುಗಳ ಸುತ್ತ, ಕಮಾನುಗಳ ಅಂಚಿನಲ್ಲಿ, ಬಾನೆಟ್ಟು ಗಾಜಿಗೆ ಸೇರುವ ಮಡಿಕೆಯಲ್ಲಿ ನೋಡಿ. ಗೆರೆ ಒಂದೇ ಇದ್ದರೂ ಅದನ್ನು ಓಡಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬಣ್ಣವನ್ನು ಕಿತ್ತು ಉಳಿಸಿಕೊಳ್ಳಲು ಮತ್ತೊಂದು ದ್ರಾವಕ ಹಚ್ಚಿದರೆ ಬಿರುಕು ಹೆಚ್ಚುತ್ತದೆಯೇ ಹೊರತು ಮುಚ್ಚುವುದಿಲ್ಲ. ನನ್ನ ಬಾಡಿಯ ಉಳಿದ ಭಾಗ ಕಪಾಟಿನಲ್ಲಿದೆ. ಯಾರೂ ಮುಟ್ಟದಿದ್ದರೂ ಹಿಂದಿನ ಬಲ ಕಮಾನಿನ ಗೆರೆ ಈ ತಿಂಗಳು ಬಾಡಿಯ ಹಿಂಬದಿ ದೀಪದ ತನಕ ಬಂದು ಮುಟ್ಟಿದೆ.