ಜಾಸ್ತಿ ಬಂದ ಹತ್ತು ಸಾವಿರ: ಮನೆಯಿಂದ ಮಾರಾಟ ಮಾಡುವವರು ದಯವಿಟ್ಟು ಓದಿ

ಉಡುಪಿ, ಮಂಗಳೂರು ಕಡೆ ಮನೆಯಲ್ಲೇ ಏನಾದರೂ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಈಗ ಬೇಕಾದಷ್ಟು ಜನ ಇದ್ದೇವೆ. ಹಪ್ಪಳ, ಉಪ್ಪಿನಕಾಯಿ, ಕೇಕು, ಕೈಮಗ್ಗದ ಸೀರೆ, ಹೀಗೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಒಂದು ಫೋನು, ಒಂದು ಬ್ಯಾಂಕ್ ಖಾತೆ, ಅಷ್ಟೇ ಬಂಡವಾಳ. ಈ ಬರಹ ನಮ್ಮಂಥವರಿಗೆ.

"ಸುಳ್ಳು ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಗೆ ಹಣ ಬಂದಿದೆಯಾ ಅಂತ ನೋಡಿ" ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ನನ್ನ ವಿಷಯದಲ್ಲಿ ಹಣ ನಿಜವಾಗಿಯೂ ಬಂದಿತ್ತು. ಬ್ಯಾಂಕಿನ ಮೆಸೇಜ್ ಬಂತು, ಆ್ಯಪ್‌ನಲ್ಲಿ ತೋರಿಸಿತು, ಆಮೇಲೆ ಪಾಸ್‌ಬುಕ್‌ನಲ್ಲೂ ಅಚ್ಚಾಯಿತು. ಬಂದ ಆ ಹಣವೇ ನನ್ನ ಖಾತೆಗೆ ಬೀಗ ಹಾಕಿಸಿತು. ಅದೂ ಹಲಸಿನ ಸೀಸನ್ ಜೋರಾಗಿರುವಾಗ.

ನಮ್ಮದು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್. ಬೆಂಗಳೂರು, ಮುಂಬೈಗೆ ಹೋಗಿ ನೆಲೆಸಿದ ಇಲ್ಲಿಯವರೇ ಹೆಚ್ಚಿನ ಗಿರಾಕಿಗಳು. ಒಂದು ಸಂಜೆ ಹೊಸ ನಂಬರಿನಿಂದ ಮೆಸೇಜ್ ಬಂತು. "ನಮಸ್ತೆ ಅಕ್ಕ, ಮನೆಯಲ್ಲಿ ಫಂಕ್ಷನ್ ಇದೆ." ಇಪ್ಪತ್ತು ಕಟ್ಟು ಹಪ್ಪಳ, ಮೂರು ಬಾಟಲಿ ಉಪ್ಪಿನಕಾಯಿ, ನಾಲ್ಕು ಬಾಟಲಿ ಸಿರಪ್ ಬೇಕಂತೆ. ಒಟ್ಟು 4,350 ರೂಪಾಯಿ ಎಂದು ಬಿಲ್ ಕಳಿಸಿದೆ. ಬೆಂಗಳೂರಿನ ವಿಳಾಸ ಕೊಟ್ಟ.

ಈ ಗಿರಾಕಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಗಿರಾಕಿಗಳು ಹಾಗಲ್ಲ. ಹಪ್ಪಳ ಖಾರದ್ದಾ ಸಪ್ಪೆಯದ್ದಾ, ಎಣ್ಣೆ ಜಾಸ್ತಿ ಕುಡಿಯುತ್ತದಾ, ಈ ವರ್ಷದ್ದೇನಾ ಅಂತ ಕೇಳದೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಉಪ್ಪಿನಕಾಯಿ ತೆಗೆದುಕೊಳ್ಳುವವರಂತೂ "ಅಪ್ಪೆಮಿಡಿಯಾ?" ಅಂತ ಕೇಳಿಯೇ ಕೇಳುತ್ತಾರೆ. ಇವನಿಗೆ ಅದೇನೂ ಬೇಡ. ಕ್ಯೂಆರ್ ಕೋಡ್ ಬೇಗ ಕಳಿಸಿ ಎಂಬುದೊಂದೇ ರಾಗ.

ಸ್ವಲ್ಪ ಹೊತ್ತಿಗೆ ಹಣ ಬಂತು. 4,350 ಅಲ್ಲ, 14,350. ಬೆನ್ನಿಗೇ ಮೆಸೇಜ್:

"ಅಯ್ಯೋ ಅಕ್ಕ, ಅರ್ಜೆಂಟಲ್ಲಿ ಮುಂದೆ ಒಂದು '1' ಜಾಸ್ತಿ ಬಿತ್ತು. ಹತ್ತು ಸಾವಿರ ಈ ನಂಬರಿಗೆ ವಾಪಸ್ ಹಾಕಿ ಪ್ಲೀಸ್."

ಜೊತೆಗೆ ಇನ್ನೊಂದು ಮೊಬೈಲ್ ನಂಬರ್. ನಾನು ಹಣ ಯಾರ ಹೆಸರಿನಿಂದ ಬಂದಿದೆ ಎಂದು ನೋಡಿದೆ. ಆರ್ಡರ್ ಕೊಟ್ಟವನದ್ದು ಗಂಡಸಿನ ಹೆಸರು. ಹಣ ಬಂದದ್ದು ಯಾರೋ ಹೆಂಗಸಿನ ಖಾತೆಯಿಂದ, ಹೆಸರು ನೋಡಿದರೆ ಉತ್ತರದ ಕಡೆಯವರು. ವಾಪಸ್ ಹಾಕಲು ಕೊಟ್ಟ ನಂಬರಿನಲ್ಲಿ ಮೂರನೆಯದೇ ಹೆಸರು. ಒಂದು ಹಪ್ಪಳದ ಆರ್ಡರಿಗೆ ಮೂರು ಜನ!

"ಯಾವ ಖಾತೆಯಿಂದ ಬಂತೋ ಅದಕ್ಕೇ ಹೋಗಬೇಕು" ಎಂದು ಬರೆದೆ.

"ಅದು ನನ್ನ ಅತ್ತಿಗೆಯ ಖಾತೆ ಅಕ್ಕ, ಅದರ ಲಿಮಿಟ್ ಮುಗಿದಿದೆ."

"ಕಳಿಸಲಿಕ್ಕೆ ಲಿಮಿಟ್ ಸರಿ, ಬರುವ ಹಣಕ್ಕೆ ಎಂತ ಲಿಮಿಟ್ ಮಾರಾಯ್ರೆ?"

ಅದಕ್ಕೆ ಉತ್ತರ ಬರಲಿಲ್ಲ, ಫೋನ್ ಬಂತು. ಮೊದಲು ಅಳು. ಅಮ್ಮ ಆಸ್ಪತ್ರೆಯಲ್ಲಿ ಇದ್ದಾರೆ, ಔಷಧಿಗೆ ಇಟ್ಟ ಹಣ. ಐದು ನಿಮಿಷ ಬಿಟ್ಟು ಗದರಿಕೆ. ಬೇರೆಯವರ ದುಡ್ಡು ಇಟ್ಟುಕೊಂಡಿದ್ದೀರಿ, ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ. ಕೊಡಿ, ನಾನೂ ಬರುತ್ತೇನೆ ಎಂದೆ. ಫೋನ್ ಕಟ್. ಅಲ್ಲಿಂದ ಮೇಲೆ ಆ ನಂಬರ್ ಸ್ವಿಚ್ ಆಫ್. ಮನೆಯಲ್ಲಿ ಫಂಕ್ಷನ್ ಇದ್ದವನಿಗೆ ಅದೇ ಹೊತ್ತಿಗೆ ಅಮ್ಮ ಆಸ್ಪತ್ರೆಯಲ್ಲಿ. ಕತೆಯನ್ನಾದರೂ ಸರಿಯಾಗಿ ಕಟ್ಟಬಾರದಾ?

ಅದೇ ರಾತ್ರಿ ನಮ್ಮ ಬ್ಯಾಂಕಿನ ಶಾಖೆಗೆ ಒಂದು ಇಮೇಲ್ ಹಾಕಿದೆ. ಇಂಥ ಯುಟಿಆರ್ ನಂಬರಿನಲ್ಲಿ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಬಿಲ್ಲಿಗಿಂತ 10,000 ಜಾಸ್ತಿ ಬಂದಿದೆ, ಬೇರೆ ಖಾತೆಗೆ ಹಾಕಲು ಒತ್ತಾಯಿಸುತ್ತಿದ್ದಾರೆ, ನಾನು ಹಾಕಿಲ್ಲ, ಕಳಿಸಿದವರಿಗೇ ಮರಳಿಸುವ ಕ್ರಮ ತಿಳಿಸಿ, ಇಷ್ಟೇ. ಉತ್ತರ ಬರಲಿಲ್ಲ. ಆದರೆ ಆ ಇಮೇಲ್ ಮುಂದೆ ನನ್ನನ್ನು ಉಳಿಸಿತು. ಪಾರ್ಸೆಲ್ ಮಾತ್ರ ಸಂಜೆಯೇ ಕೊರಿಯರ್‌ನವರ ಕೈಗೆ ಹೋಗಿಯಾಗಿತ್ತು.

ಕೆಲವು ದಿನ ಕಳೆಯಿತು. ಹಲಸಿನಕಾಯಿ ತರುವ ಅಣ್ಣ ಕಾರ್ಕಳ ಕಡೆಯಿಂದ ಪಿಕಪ್ ತುಂಬ ಕಾಯಿ ತಂದು ಅಂಗಳಕ್ಕೆ ಇಳಿಸುತ್ತಿದ್ದರು. ಹಪ್ಪಳ ಒತ್ತಲು ಬರುವ ಅಕ್ಕಂದಿರು ಕೈಗೆ ಎಣ್ಣೆ ಹಚ್ಚಿಕೊಂಡು, ಕತ್ತಿ ಹಿಡಿದು ಕೂತಿದ್ದರು. ನಾನು ಫೋನ್‌ನಲ್ಲಿ ಹಣ ಹಾಕಲು ಹೋದೆ. ಆಗಲಿಲ್ಲ. ನೆಟ್‌ವರ್ಕ್ ಇರಬೇಕು ಎಂದು ಮತ್ತೆ ನೋಡಿದೆ, ಆಗಲಿಲ್ಲ. ಎಟಿಎಂನಲ್ಲೂ ಬರಲಿಲ್ಲ. ಖಾತೆಯಲ್ಲಿ ಹಣ ಕಾಣುತ್ತದೆ, ತೆಗೆಯಲು ಆಗುವುದಿಲ್ಲ. ಮನೆ ಖರ್ಚು, ಮಗಳ ಫೀಸು, ಅಕ್ಕಂದಿರ ಕೂಲಿ ಎಲ್ಲ ಆ ಒಂದೇ ಖಾತೆಯಲ್ಲಿ. ಹಲಸು ನಮಗಾಗಿ ಕಾಯುವುದಿಲ್ಲ. ಬೆಳೆದ ಕಾಯಿ ಹಣ್ಣಾದರೆ ಹಪ್ಪಳಕ್ಕೆ ಬಾರದು, ಮಳೆ ಹಿಡಿದರೆ ಒಣಗಿಸಲು ಬಿಸಿಲೇ ಇಲ್ಲ. ಆ ದಿನ ಅತ್ತಿಗೆ ಕೈಯಿಂದ ಸಾಲ ತಂದು ಕಾಯಿಯ ಅಣ್ಣನಿಗೆ ಕೊಟ್ಟೆ.

ಬ್ಯಾಂಕಿನಲ್ಲಿ ಕೇಳಿದರೆ, "ಸೈಬರ್ ಪೊಲೀಸರ ಸೂಚನೆ, ಬೇರೆ ರಾಜ್ಯದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ ಮೇಡಂ." ಇಷ್ಟೇ ಹೇಳಿ ಮುಂದಿನವರನ್ನು ಕರೆದರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಬಿಳಿ ಹಾಳೆಯಲ್ಲಿ ನನ್ನ ಇಮೇಲಿನ ಪ್ರತಿ ಇಟ್ಟುಕೊಂಡು ಕೂತವಳಿಗೆ ಕುರ್ಚಿ ಕೊಡುವಷ್ಟೂ ಪುರುಸೊತ್ತಿಲ್ಲ.

ಆದದ್ದು ಏನು ಅಂದರೆ, ನನಗೆ ಬಂದ ಹಣ ಕದ್ದ ಹಣ. ಆ ಹೆಂಗಸನ್ನು ಯಾರೋ ಬೇರೆ ಏನೋ ಹೇಳಿ ನಂಬಿಸಿ, ನನ್ನ ಕ್ಯೂಆರ್ ಕೋಡಿಗೆ ಹಣ ಹಾಕಿಸಿದ್ದಾರೆ. ಅವರಿಗೆ ಅದು ಹಪ್ಪಳದವರ ಖಾತೆ ಎಂದು ಗೊತ್ತಿಲ್ಲ, ನನಗೆ ಅವರು ಮೋಸ ಹೋದವರು ಎಂದು ಗೊತ್ತಿಲ್ಲ. ಮೋಸ ತಿಳಿದ ಕೂಡಲೇ ಅವರು 1930ಕ್ಕೆ ಫೋನ್ ಮಾಡಿದ್ದಾರೆ. ಅದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಅಲ್ಲಿ ದೂರು ದಾಖಲಾದರೆ ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬ್ಯಾಂಕಿನಿಂದ ಬ್ಯಾಂಕಿಗೆ ಜಾಡು ಹಿಡಿಯುತ್ತಾರೆ, ದಾರಿಯಲ್ಲಿ ಸಿಕ್ಕ ಖಾತೆಗಳಲ್ಲೆಲ್ಲ ಹಣ ತಡೆಯುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ನಾಳೆ ನನ್ನ ಹಣ ಹೋದರೂ ನಾನು ಅದೇ ನಂಬರಿಗೆ ಫೋನ್ ಮಾಡಬೇಕು. ಆದರೆ ಆ ಜಾಡಿನ ಮಧ್ಯೆ ನಿಮ್ಮ ಖಾತೆ ಇದ್ದರೆ ನೀವು ಕಳ್ಳರೋ ಹಪ್ಪಳದವರೋ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ ಅಲ್ವಾ?

ಆ ಹತ್ತು ಸಾವಿರವನ್ನು ಅವನು ಕೊಟ್ಟ ನಂಬರಿಗೆ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ದೂರು 14,350ಕ್ಕೆ. ತಡೆ ಬೀಳುವುದು ನನ್ನ ಖಾತೆಯ ಹಣಕ್ಕೆ. ಹತ್ತು ಸಾವಿರ ನನ್ನ ಜೇಬಿನಿಂದಲೇ ಹೋದ ಹಾಗೆ. ಅದರ ಮೇಲೆ, ಕದ್ದ ಹಣವನ್ನು ಮುಂದೆ ದಾಟಿಸಿದ ಖಾತೆ ನನ್ನದು ಎಂದೂ ಆಗುತ್ತಿತ್ತು. ಇಂಥವರಿಗೆ ಬೇಕಾದದ್ದು ಹಪ್ಪಳವಲ್ಲ, ದಾಟಲಿಕ್ಕೆ ಒಂದು ಕಾಲುಸಂಕ. ದಾಟಿದ ಮೇಲೆ ಸಂಕ ಮುರಿದರೆ ಅವರಿಗೇನು?

ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ) ಪೊಲೀಸ್ ಠಾಣೆಯಲ್ಲಿ ವಿಚಾರಿಸಿದಾಗ ದಾರಿ ಸಿಕ್ಕಿತು. ಬ್ಯಾಂಕಿನಿಂದ ಮೊದಲು ಮೂರು ವಿಷಯ ಕೇಳಿ ತೆಗೆದುಕೊಳ್ಳಿ ಎಂದರು: ದೂರಿನ ಸ್ವೀಕೃತಿ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ. ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಕೊಡುವುದಿಲ್ಲ. ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಈ ಮಾತನ್ನು ಅರ್ಜಿಯ ಕೊನೆಯಲ್ಲಿ ಬರೆದ ಮೇಲೆ ನನಗೆ ಕುರ್ಚಿ ಸಿಕ್ಕಿತು.

ಆಮೇಲೆ ಆ ರಾಜ್ಯದ ಠಾಣೆಗೆ ಇಮೇಲ್ ಮಾಡಿದೆ. ವಾಟ್ಸಾಪ್ ಮಾತುಕತೆ ಪೂರ್ತಿ, ಬಿಲ್, ಕೊರಿಯರ್ ರಸೀದಿ, ಬ್ಯಾಂಕಿಗೆ ಬರೆದ ಇಮೇಲ್, ನನ್ನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ಪ್ರತಿ. ಅಷ್ಟರಲ್ಲಿ ಬೆಂಗಳೂರಿಗೆ ಹೋದ ಪಾರ್ಸೆಲ್ ವಾಪಸ್ ಬಂತು, "ಈ ವಿಳಾಸದಲ್ಲಿ ಇಂಥವರು ಇಲ್ಲ" ಎಂಬ ಚೀಟಿ ಅಂಟಿಸಿಕೊಂಡು. ಹಪ್ಪಳ ಎಲ್ಲ ಪುಡಿ. ಒಂದು ಬಾಟಲಿ ಸೋರಿ ಉಪ್ಪಿನಕಾಯಿ ರಸದಲ್ಲಿ ರಟ್ಟಿನ ಪೆಟ್ಟಿಗೆ ನೆನೆದು ಹೋಗಿತ್ತು. ಎಸೆಯಬೇಡಿ ಎಂದು ಮನೆಯವರಿಗೆ ಹೇಳಿ, ಮೊದಲು ಆ ಚೀಟಿಯ ಫೋಟೋ ತೆಗೆದೆ. ಸಾಮಾನು ನಿಜವಾಗಿ ಕಳಿಸಿದ್ದೇನೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಪೂರ್ತಿ ಖಾತೆಯನ್ನು ಹಿಡಿದಿಡುವ ಬಗ್ಗೆಯೂ ಒಂದು ಮಾತು. ಪರಿಚಯದ ವಕೀಲರು ಹೇಳಿದ ಪ್ರಕಾರ, ಯುಪಿಐನಲ್ಲಿ ಹಣ ಬಂದ ಕಾರಣಕ್ಕೆ ಖಾತೆ ಸ್ಥಗಿತವಾದವರು ಕೇರಳ ಹೈಕೋರ್ಟಿಗೆ ಹೋಗಿದ್ದರು. ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಹಣ ಬಿಡಿ ಎಂದು 2023ರಲ್ಲಿ ಕೋರ್ಟ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನೂ ಅರ್ಜಿಯಲ್ಲಿ ಬರೆದೆ. ಕೊನೆಗೆ 14,350ಕ್ಕೆ ಮಾತ್ರ ತಡೆ ಉಳಿಸಿ ಖಾತೆ ಬಿಟ್ಟರು. ಅಷ್ಟು ಹೊತ್ತಿಗೆ ಮಳೆ ಶುರುವಾಗಿತ್ತು. ಈ ಸಲ ಹಪ್ಪಳ ಅರ್ಧಕ್ಕರ್ಧ. ಆ 14,350 ಇನ್ನೂ ತಡೆಯಲ್ಲೇ ಇದೆ, ಇರಲಿ. ಅದು ಹೋಗಬೇಕಾದದ್ದು ಆ ಹೆಂಗಸಿಗೆ.

ಸೈನ್ಯದವನು ಎಂದು ಹೇಳಿ, "ಹಣ ಬರಬೇಕಾದರೆ ಈ ಕೋಡ್ ಸ್ಕ್ಯಾನ್ ಮಾಡಿ" ಎನ್ನುವ ಹಳೇ ಆಟ ನಮ್ಮ ಊರಿನಲ್ಲಿ ಈಗ ಎಲ್ಲರಿಗೂ ಗೊತ್ತು. ಹಣ ಬರಲಿಕ್ಕೆ ಪಿನ್ ಒತ್ತುವುದೇ ಬೇಡ, ಅದು ಕೊಡಲಿಕ್ಕೆ ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳಿಸುವ 'ಕಲೆಕ್ಟ್' ರಿಕ್ವೆಸ್ಟನ್ನು 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿಯೂ ಬಿಟ್ಟಿದೆ. ಆ ಬಾಗಿಲು ಮುಚ್ಚುತ್ತಾ ಬಂದ ಹಾಗೆ ಈಗ ಈ ದಾರಿ ಹಿಡಿದಿದ್ದಾರೆ ಎಂದು ನನ್ನ ಅಂದಾಜು.

ಈಗ ನಾನು ಆರ್ಡರ್ ತೆಗೆದುಕೊಳ್ಳುವಾಗಲೇ "ಹಣ ಯಾರ ಹೆಸರಿನಿಂದ ಬರುತ್ತದೆ?" ಎಂದು ಕೇಳುತ್ತೇನೆ. ಗಂಡನ ಖಾತೆ, ಮಗನ ಖಾತೆ, ಏನೂ ತೊಂದರೆ ಇಲ್ಲ, ಮೊದಲೇ ಹೇಳಿದರೆ ಸಾಕು. ಹಳೇ ಗಿರಾಕಿಗಳಿಗೆ ಸ್ವಲ್ಪ ಬೇಜಾರಾಗುತ್ತದೆ. ಒಬ್ಬರು, "ಎಂತದು ಮಾರಾಯ್ತಿ, ಹಪ್ಪಳಕ್ಕೂ ಆಧಾರ್ ಕಾರ್ಡ್ ಬೇಕಾ?" ಎಂದು ತಮಾಷೆ ಮಾಡಿದರು. ಮಾಡಲಿ. ಹೆಸರು ತಾಳೆ ಆಗದಿದ್ದರೆ ಪಾರ್ಸೆಲ್ ಕಟ್ಟುವುದಿಲ್ಲ.

ಜಾಸ್ತಿ ಬಂದ ಹಣ ಬೇರೆ ನಂಬರಿಗೆ ಹೋಗುವ ಪ್ರಶ್ನೆಯೇ ಇಲ್ಲ. ದೊಡ್ಡ ವ್ಯಾಪಾರಿಗಳ ಪರವಾಗಿ ಆನ್‌ಲೈನ್‌ನಲ್ಲಿ ಹಣ ಪಡೆಯುವ ಪೇಮೆಂಟ್ ಅಗ್ರಿಗೇಟರ್ ಕಂಪನಿಗಳಿಗೂ ರಿಸರ್ವ್ ಬ್ಯಾಂಕ್ ಇದೇ ನಿಯಮ ಮಾಡಿದೆ, ಗಿರಾಕಿ ಬೇರೆ ರೀತಿ ಒಪ್ಪದ ಹೊರತು ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ನಿಜವಾಗಿ ತಪ್ಪಿ ಕಳಿಸಿದವರು ಅವರ ಬ್ಯಾಂಕಿಗೋ ಆ್ಯಪ್‌ಗೋ ದೂರು ಕೊಡಲಿ, ಕ್ರಮ ಇದೆ.

ವ್ಯಾಪಾರಕ್ಕೆ ಬೇರೆಯೇ ಖಾತೆ ತೆರೆದೆ. ಮನೆ ಖರ್ಚಿನ ಹಣ ಅದರಲ್ಲಿ ಇಡುವುದಿಲ್ಲ, ವಾರಕ್ಕೊಮ್ಮೆ ತೆಗೆದುಬಿಡುತ್ತೇನೆ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಖಾತೆ ಬೇರೆ ಇದ್ದಿದ್ದರೆ ಮಗಳ ಫೀಸು ನಿಲ್ಲುತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ತನ್ನಿಂತಾನೇ ಅಳಿಸಿಹೋಗುವ ಮೆಸೇಜ್ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ನಿಮ್ಮ ಪರವಾಗಿ ಮಾತಾಡುವುದು ಆ ಚಾಟ್ ಒಂದೇ.

ಗಿರಾಕಿಗಳಾಗಿ ಓದುತ್ತಿರುವವರಿಗೂ ಒಂದು ವಿಷಯ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪಿನ್ ಒತ್ತುವ ಮೊದಲು ಒಂದು ಹೆಸರು ತೋರಿಸುತ್ತದೆ. ನನ್ನ ಬಿಲ್ಲಿನಲ್ಲಿ ಈಗ ಆ ಹೆಸರನ್ನೇ ದೊಡ್ಡದಾಗಿ ಬರೆದಿದ್ದೇನೆ. ಬೇರೆ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿ. ಆ ಹೆಂಗಸಿಗೂ ಆ ಕ್ಷಣ ಉಡುಪಿಯ ಯಾರದ್ದೋ ಹೆಸರು ಕಂಡಿರಬೇಕು.

ಮೊನ್ನೆ ಮಂಗಳೂರಿನಲ್ಲಿ ಮನೆಯಲ್ಲೇ ಕೇಕ್ ಮಾಡುವ ಪರಿಚಯದವರಿಗೂ ಇಂಥದ್ದೇ ಆರ್ಡರ್ ಬಂದಿದೆ. ಕ್ರೀಮ್ ಯಾವುದು, ಮೊಟ್ಟೆ ಹಾಕುತ್ತೀರಾ ಅಂತ ಒಂದು ಮಾತಿಲ್ಲ. ಜಾಸ್ತಿ ಹಣ, ಬೇರೆ ಹೆಸರು, ಮೂರನೇ ನಂಬರ್. ನಿಮಗೂ ಬಂದಿದ್ದರೆ ಹಣ ಮುಟ್ಟಬೇಡಿ, ಪಾರ್ಸೆಲ್ ಕಳಿಸಬೇಡಿ, ಬ್ಯಾಂಕಿಗೆ ಇವತ್ತೇ ಇಮೇಲ್ ಹಾಕಿ. ವಿಷಯದ ಸಾಲಿನಲ್ಲೇ ಆ 12 ಅಂಕಿಯ ಯುಟಿಆರ್ ನಂಬರ್ ಬರೆಯಿರಿ, ಇಲ್ಲದಿದ್ದರೆ ಅವರು ಹುಡುಕುವುದಿಲ್ಲ.