ಮೂರು ವರ್ಷ ಬಳಸಿದ ಮೇಲೆ: ಮನೆಯ ವೆಲ್ಡಿಂಗ್ ಮಿಷನ್‌ಗೆ 32 ಆಂಪಿನ ನೀಲಿ ಪ್ಲಗ್

ಬಳ್ಳಾರಿಯಲ್ಲಿ ನಮ್ಮ ಮನೆ ಹಿಂದೆ ಒಂದು ತಗಡಿನ ಶೆಡ್ ಇದೆ. ಅಲ್ಲಿ 200 ಆಂಪಿನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಿಷನ್ ಇಟ್ಟುಕೊಂಡಿದ್ದೇನೆ. ಗೇಟು, ಗ್ರಿಲ್ಲು, ಅಕ್ಕಪಕ್ಕದವರ ಮುರಿದ ಕುರ್ಚಿ, ಇಷ್ಟೇ ಕೆಲಸ.

ಮೊದಲು ಮನೆಯ 16 ಆಂಪ್ ಪ್ಲಗ್ಗಿಗೇ ಹಾಕುತ್ತಿದ್ದೆ. 2.5 ಎಂಎಂ ರಾಡ್ ಇರುವ ತನಕ ತೊಂದರೆ ಇರಲಿಲ್ಲ. ಒಂದಿನ ದಪ್ಪ ಆಂಗಲ್‌ಗೆ 3.15 ರಾಡ್ ಹಿಡಿದು 120 ಆಂಪ್ ಇಟ್ಟೆ. ಅರ್ಧ ಗಂಟೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮೇನ್ ಆಫ್ ಮಾಡಿ ಪ್ಲಗ್ ಎಳೆದರೆ ಬರಲೊಲ್ಲದು. ಕೊನೆಗೆ ಕಿತ್ತು ನೋಡಿದರೆ ನ್ಯೂಟ್ರಲ್ ಪಿನ್ ಕರ್ರಗಾಗಿದೆ, ಸಾಕೆಟ್ಟಿನ ತೂತು ಕರಗಿ ಸೊಟ್ಟಗಾಗಿದೆ. 120 ಅನ್ನುವುದು ರಾಡಿಗೆ ಹೋಗುವ ಕರೆಂಟು; ಆ ಸೆಟ್ಟಿಂಗಿನಲ್ಲಿ ಮಿಷನ್ ಗೋಡೆಯಿಂದ ಸುಮಾರು 20 ಆಂಪ್ ಎಳೆಯುತ್ತದೆ. ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ. 16ರ ಪ್ಲಗ್ ಎಲ್ಲಿ ತಡೆಯುತ್ತೆ?

ನಮ್ಮ ಎಲೆಕ್ಟ್ರಿಷಿಯನ್ ನೋಡಿದವರೇ, "ಅಣ್ಣಾರ, ಇದು ಗೀಜರ್ ಪ್ಲಗ್ರಿ, ವೆಲ್ಡಿಂಗಿಗೆ ನೀಲಿದು ಹಾಕ್ಸ್ರಿ" ಅಂದರು. ನೀಲಿ ಅಂದರೆ 230 ವೋಲ್ಟಿನ ಮೂರು ಪಿನ್ನಿನ ಇಂಡಸ್ಟ್ರಿಯಲ್ ಪ್ಲಗ್. ಅದಕ್ಕೆ ಬೋರ್ಡಿನಿಂದ ಬೇರೆಯೇ ಲೈನ್ ಎಳೆದು, 6 ಸ್ಕ್ವೇರ್ ಎಂಎಂ ತಾಮ್ರದ ವೈರ್, 32 ಆಂಪಿನ ಸಿ ಟೈಪ್ ಎಂಸಿಬಿ (ಕರೆಂಟ್ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿದರು. ಮನೆಯ ಲೋಡ್ ಕೂಡ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಹೆಚ್ಚಿಸಿಕೊಂಡೆ.

ಪ್ಲಗ್ಗಿಗೆ ವೈರ್ ಕೂಡಿಸುವಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ದಪ್ಪ ಪಿನ್ ಅರ್ಥ್‌ದು, ಅದಕ್ಕೆ ಹಸಿರು-ಹಳದಿ. ಎಲ್ ಅಂತ ಬರೆದಲ್ಲಿ ಕಂದು, ಎನ್ ಅಂತ ಬರೆದಲ್ಲಿ ನೀಲಿ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಟ್ಟರು. ಕೇಬಲ್ ಯಾರಾದರೂ ಜಗ್ಗಿದರೆ ಅರ್ಥ್ ಕೊನೆಗೆ ಕಿತ್ತುಬರಬೇಕು, ಅದಕ್ಕೇ. ವೈರ್ ಎಳೆಗಳ ತುದಿಗೆ ಸೀಸದ ಬೆಸುಗೆ (ಸೋಲ್ಡರ್) ಹಾಕಲಿಲ್ಲ, ಲಗ್ (ಲೋಹದ ಸಣ್ಣ ಕೊಳವೆ) ಒತ್ತಿದರು. ಬೆಸುಗೆಯ ಸೀಸ ಮೆತ್ತಗಿನದು, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಜಗ್ಗಿ ಸಡಿಲ ಆಗುತ್ತೆ. ಸಡಿಲ ಆದಲ್ಲೇ ಬಿಸಿ ಹುಟ್ಟುತ್ತೆ.

ಈಗ ಮೂರು ಬೇಸಿಗೆ ಕಳೆದಿದೆ. ಶೆಡ್ಡಿನ ತಗಡು ಮುಟ್ಟಲಾಗದಷ್ಟು ಕಾಯುವ ಮಧ್ಯಾಹ್ನದಲ್ಲೂ, ಕೆಲಸ ಮುಗಿಸಿ ಪ್ಲಗ್ ಮುಟ್ಟಿದರೆ ಬಿಸಿ ಅನಿಸಿಲ್ಲ. ಇದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹತ್ತಿರ ಇಲ್ಲ. ಪ್ಲಗ್ ಸಾಕೆಟ್ ಎರಡೂ ಸೇರಿ ನನಗೆ ಸಾವಿರ ರೂಪಾಯಿ ಒಳಗೇ ಆಯಿತು.

ಕೊರತೆಯೂ ಇದೆ. ಮೊದಲ ಆರು ತಿಂಗಳಿಗೆ ಎಲ್ ಸ್ಕ್ರೂ ಕಾಲು ಸುತ್ತು ಸಡಿಲಾಗಿತ್ತು. ಆಮೇಲೆ ದೀಪಾವಳಿಗೆ, ಯುಗಾದಿಗೆ ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಎಲ್ಲ ಸ್ಕ್ರೂ ಬಿಗಿ ಮಾಡುತ್ತೇನೆ. ಸಾಕೆಟ್ ಮುಚ್ಚಳದ ಸ್ಪ್ರಿಂಗ್ ಎರಡನೇ ವರ್ಷಕ್ಕೇ ಮೆತ್ತಗಾಯಿತು. ನಮ್ಮ ಕಡೆಯ ಕೆಂಪು ಧೂಳು ಒಳಗೆ ಹೋಗುತ್ತದೆ, ಒಣ ಬ್ರಶ್‌ನಲ್ಲಿ ತೆಗೆಯಬೇಕು.

ಅರ್ಥಿಂಗ್ ಬಗ್ಗೆ ಮಾತ್ರ ದಯವಿಟ್ಟು ಅಸಡ್ಡೆ ಮಾಡಬೇಡಿ. ನಮ್ಮದು ಎರೆ ಮಣ್ಣು. ಏಪ್ರಿಲ್‌ಗೆ ಬಿರುಕು ಬಿಟ್ಟು ಅರ್ಥ್ ಪೈಪಿನ ಸುತ್ತ ಒಣಗಿಬಿಡುತ್ತೆ. ಪ್ಲಗ್ ಎಷ್ಟೇ ಚೆನ್ನಾಗಿದ್ದರೂ ಅರ್ಥ್ ಸತ್ತಿದ್ದರೆ ಮಿಷನ್ ಬಾಡಿ ಶಾಕ್ ಹೊಡೆಯಬಹುದು. ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಅರ್ಥ್ ಗುಂಡಿಗೆ ಹಾಕುವುದು ನಮ್ಮ ಮನೆಯಲ್ಲಿ ಮಗಳ ಕೆಲಸ. ತುಳಸಿಗೆ ಹಾಕಿದ ಕೊಡವನ್ನೇ ಮತ್ತೆ ತುಂಬಿಕೊಂಡು ಹೋಗಿ ಸುರಿದು ಬರುತ್ತಾಳೆ.